ನೀರು ಕಮ್ಮಿ ಇರುವ ಕಡೆ ಹಸಿರು ಬೇಲಿ: ಯಾವ ಗಿಡ ಹಾಕಲಿ?

ಶಿರಾ ಒಂದೆಕರೆ · ಜೂನ್ 2

ಎಲ್ಲರಿಗೂ ನಮಸ್ಕಾರ. ಶಿರಾದಿಂದ ಸ್ವಲ್ಪ ದೂರದಲ್ಲಿ ನಮ್ಮದು ಒಂದು ಎಕರೆ ಜಮೀನಿದೆ. ಕೆಂಪು ಮಣ್ಣು, ಒಂದಡಿ ಅಗೆದರೆ ಗರಸು. ನಡುವೆ ಚಿಕ್ಕ ಮನೆ ಕಟ್ಟಿಕೊಂಡು ಅಮ್ಮನ ಜೊತೆ ಇದ್ದೇನೆ. ರಸ್ತೆ ಕಡೆ 240 ಅಡಿ ಉದ್ದ ಇದೆ. ಟ್ರ್ಯಾಕ್ಟರ್, ಟಿಪ್ಪರ್ ಹೋದಾಗಲೆಲ್ಲ ಧೂಳು ಎದ್ದು ಅಡುಗೆಮನೆಗೇ ಬರುತ್ತೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ನರ್ಸರಿಯವರ ಮಾತು ನಂಬಿ ಬೇಲಿಗೆ ಅಂತ ಗೋಲ್ಡನ್ ಡುರಾಂಟಾ (ಹಳದಿ ಎಲೆಯ ಪೊದೆ ಗಿಡ) 200 ತಂದು ಹಾಕಿದೆ. "ಒಂದು ಸಲ ಬೇರು ಬಿಟ್ರೆ ನೋಡ್ಕೊಳ್ಳೋದೇ ಬೇಡ" ಅಂದಿದ್ದರು. ಜನವರಿವರೆಗೆ ಚೆನ್ನಾಗಿಯೇ ಇತ್ತು. ಮಾರ್ಚ್‌ನಲ್ಲಿ ಬೋರ್‌ವೆಲ್ ನೀರು ಇಳಿಯಿತು, ಮನೆ ಬಳಕೆಗೇ ಸಾಲದಾಯಿತು. ಏಪ್ರಿಲ್ ಕೊನೆಗೆ ಎಣಿಸಿದರೆ ಉಳಿದದ್ದು 23. ಅವೂ ಕಡ್ಡಿ ಕಡ್ಡಿ.

ವರ್ಷಪೂರ್ತಿ ಎಲೆ ಉದುರದ, ಐದಾರು ಅಡಿ ಎತ್ತರ ಬರುವ, ಬೇಸಿಗೆ ತಡೆಯುವ ಪೊದೆ ಗಿಡ ಬೇಕು. ಬೆಳೆಸಿ ನೋಡಿದವರು ಹೇಳಿ.

ಲೇಔಟ್ ಮನೆ · ಜೂನ್ 2

ನಮ್ಮದು ಬೆಂಗಳೂರು. ಇಲ್ಲಿ ಡುರಾಂಟಾ ಚೆನ್ನಾಗಿ ಬಂದಿದೆ. ಆದರೆ ನಮ್ಮಲ್ಲಿ ದಿನಾ ನೀರು ಸಿಗುತ್ತೆ, ಮಳೆಗಾಲದಲ್ಲಿ ತಿಂಗಳಿಗೆ ಎರಡು ಸಲ ಕತ್ತರಿ ಹಾಕಲು ಮಾಲಿ ಬರುತ್ತಾರೆ. ಅದು ನೀರು ಮತ್ತು ಆಳು ಎರಡೂ ಇರುವ ಕಡೆಯ ಗಿಡ. ಇನ್ನೊಂದು ವಿಷಯ, ಕತ್ತರಿಸದೆ ಬಿಟ್ಟರೆ ಹಳದಿ ಗೊಂಚಲು ಕಾಯಿ ಬಿಡುತ್ತೆ. ಅದು ವಿಷ. ಚಿಕ್ಕ ಮಕ್ಕಳು ಇರುವ ಮನೆಯವರು ಜೋಪಾನ.

ನಿಮಗೆ ಕೋನೋಕಾರ್ಪಸ್ ಹೇಗೆ? ಬೇಗ ಬೆಳೆಯುತ್ತೆ, ದಟ್ಟವಾಗಿರುತ್ತೆ.

ಗಿಡಮೇಷ್ಟ್ರು · ಜೂನ್ 2

ಕೋನೋಕಾರ್ಪಸ್ ಬೇಡ ಅನ್ನುತ್ತೇನೆ. ಬೇಗ ಬೆಳೆಯುವುದು ನಿಜ. ಆದರೆ ಅದರ ಬೇರು ಚರಂಡಿ, ಪೈಪು, ಕೇಬಲ್ ಹುಡುಕಿಕೊಂಡು ಹೋಗುತ್ತೆ. ಪರಾಗದಿಂದ ಅಲರ್ಜಿ ಆಗುತ್ತೆ ಎಂಬ ದೂರು ಬೇರೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು.

ಶಿರಾದವರೇ, ನಿಮ್ಮ ಸುತ್ತಲಿನ ಗುಡ್ಡಗಳನ್ನು ಒಂದು ಸಲ ಏಪ್ರಿಲ್ ಬಿಸಿಲಲ್ಲಿ ನೋಡಿದ್ದೀರಾ? ಹುಲ್ಲೆಲ್ಲ ಒಣಗಿ ಬಂಡೆ ಕಾಯುತ್ತಿರುವಾಗಲೂ ಒಂದು ಗಿಡ ಹಸಿರಾಗಿ ನಿಂತಿರುತ್ತೆ. ಎಲೆಗೆ ವಾರ್ನಿಷ್ ಬಳಿದ ಹಾಗೆ ಹೊಳಪು, ಮುಟ್ಟಿದರೆ ಅಂಟು ಅಂಟು. ಅದೇ ಬಂದರಿಕೆ. ಕೆಲವು ಕಡೆ ಬಂದುರ್ಗಿ ಅಂತಾರೆ, ಕೆಲವು ಕಡೆ ಹಂಗರಿಕೆ. ತೆಲುಗಿನವರು ಬಂದಾರು, ತಮಿಳಿನವರು ವಿರಾಲಿ ಅಂತಾರೆ. ಸಸ್ಯಶಾಸ್ತ್ರದ ಹೆಸರು ಡೊಡೋನಿಯ ವಿಸ್ಕೋಸ. ವಿಸ್ಕೋಸ ಅಂದರೆ ಅಂಟಾದದ್ದು. ಡೊಡೋನಿಯ ಅನ್ನುವುದು 16ನೇ ಶತಮಾನದ ಸಸ್ಯಶಾಸ್ತ್ರಜ್ಞ ರೆಂಬರ್ಟ್ ಡೊಡೋನ್ಸ್ ನೆನಪಿಗೆ ಇಟ್ಟದ್ದು. ನಮ್ಮ ಅಂಟುವಾಳದ ಕುಟುಂಬಕ್ಕೇ ಸೇರಿದ್ದು ಇದು.

ಎಲೆ ಮೇಲಿನ ಆ ಅಂಟಿನ ಪದರ ನೀರು ಆರಿಹೋಗದ ಹಾಗೆ ತಡೆಯುತ್ತೆ. ನಿಮಗೆ ಬೇಕಾದ ಗುಣವೆಲ್ಲ ಇದರಲ್ಲಿದೆ.

ಶಿರಾ ಒಂದೆಕರೆ · ಜೂನ್ 3

ಮೇಷ್ಟ್ರೇ, ಅಮ್ಮನಿಗೆ ಓದಿ ಹೇಳಿದೆ. "ಅಯ್ಯೋ ಬಂದರಿಕೆ! ಒಲೆಗೆ ಹಾಕೋಕೆ ಹೊರೆ ಕಟ್ಕೊಂಡು ಬರ್ತಿದ್ವಿ, ಅದನ್ನ ಯಾರಾದ್ರೂ ನೆಡ್ತಾರಾ?" ಅಂದರು. ನರ್ಸರಿಯಲ್ಲಿ ಕೇಳಿದರೆ ಅವರಿಗೆ ಹೆಸರೇ ಗೊತ್ತಿಲ್ಲ. ಗುಡ್ಡದಿಂದ ಚಿಕ್ಕ ಗಿಡ ಕಿತ್ತು ತಂದು ನೆಟ್ಟರೆ ಆಗುತ್ತಾ?

ಚಳ್ಳಕೆರೆ ಹೊಲ · ಜೂನ್ 3

ತಮ್ಮಾ, ಕೀಳಬೇಡ. ನಾನು ಹಾಗೆ ಮಾಡಿ ಕೆಟ್ಟಿದ್ದೇನೆ.

ನಮ್ಮೂರಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೆ ಒಳ್ಳೇ ವರ್ಷ. ಎಂಟು ವರ್ಷದ ಹಿಂದೆ ಹೊಲದ ಬದುವಿಗೆ ಬಂದರಿಕೆ ಹಾಕೋಣ ಅಂತ ನಮ್ಮದೇ ಹಿಡುವಳಿಯ ದಿಣ್ಣೆಯಿಂದ 60 ಗಿಡ ಅಗೆದು ತಂದೆವು. ಮೇಲೆ ಒಂದು ಗೇಣು ಇದ್ದ ಗಿಡಕ್ಕೆ ಕೆಳಗೆ ಒಂದೂವರೆ ಮೊಳ ಬೇರು, ಅದೂ ಕಲ್ಲಿನ ಸಂದಿಯಲ್ಲಿ. ಹಾರೆ ಹಾಕಿದರೆ ತುಂಡಾಗುತ್ತಿತ್ತು. ನೆಟ್ಟ ಹತ್ತೇ ದಿನಕ್ಕೆ ಎಲ್ಲ ಒಣಗಿದವು. ಬದುಕಿದ್ದು ಎರಡು. ಅರಣ್ಯದ ಗುಡ್ಡವಾದರೆ ಕೀಳುವುದು ಕಾನೂನಿಗೂ ವಿರುದ್ಧ.

ಬೀಜದಿಂದ ಮಾಡು. ಈಗ ನನ್ನ ಬದುವಿನಲ್ಲಿ 400 ಅಡಿ ಬೇಲಿ ಇದೆ, ಎಲ್ಲ ಬೀಜದ್ದೇ. ಚಳಿ ಕಳೆಯುವ ಹೊತ್ತಿಗೆ ಗಿಡದಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಬಂದಿರುತ್ತೆ. ಕಾಗದದ ಹಾಗೆ ತೆಳ್ಳಗಿನ ಮೂರು ರೆಕ್ಕೆ. ಮೊದಲು ಹಸಿರು, ಆಮೇಲೆ ಕೆಂಪು ಛಾಯೆ, ಕೊನೆಗೆ ಒಣಹುಲ್ಲಿನ ಬಣ್ಣ. ಕೈಯಲ್ಲಿ ಹಿಡಿದರೆ ಗಲಗಲ ಅನ್ನಬೇಕು. ಆವಾಗ ಕೀಳಬೇಕು. ಎರಡು ದಿನ ಬಿಸಿಲಿಗೆ ಹಾಕಿ, ಗೋಣಿ ಮೇಲೆ ಉಜ್ಜಿ, ಮೊರದಲ್ಲಿ ಕೇರಿದರೆ ರೆಕ್ಕೆ ಹಾರಿ ಹೋಗಿ ಸಾಸಿವೆಗಿಂತ ಸ್ವಲ್ಪ ದಪ್ಪ ಕರಿ ಬೀಜ ಉಳಿಯುತ್ತೆ.

ನನ್ನ ಹತ್ತಿರ ಫೆಬ್ರವರಿಯಲ್ಲಿ ಎತ್ತಿಟ್ಟ ಬೀಜ ಒಂದು ಡಬ್ಬಿ ಇದೆ. ಕಳಿಸುತ್ತೇನೆ. ಈಗ ಹಾಕಿದರೆ ಹಿಂಗಾರಿಗೆ ನೆಡಬಹುದು. ನಮ್ಮ ಕಡೆ ಜೂನ್‌ಗಿಂತ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಗಟ್ಟಿ, ನಿನಗೂ ಗೊತ್ತು.

ಮಧುಗಿರಿ ಕುರಿಯವನು · ಜೂನ್ 3

ಬಂದರಿಕೆಗೆ ಕುರಿ ಮೇಕೆ ಬಾಯಿ ಹಾಕಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮುಕ್ಕಾಲು ನಿಜ. ನನ್ನ ಹಿಂಡು ಗುಡ್ಡದಲ್ಲಿ ಅದರ ಪಕ್ಕದಲ್ಲೇ ಮೇಯುತ್ತೆ, ಮೂಸಿ ನೋಡಿ ಮುಂದೆ ಹೋಗುತ್ತೆ. ಆದರೆ ತೀರಾ ಬರ ಬಿದ್ದ ವರ್ಷ ಮೇಕೆ ಎಳೇ ಚಿಗುರು ಕಿತ್ತದ್ದನ್ನು ನಾನೇ ಕಂಡಿದ್ದೇನೆ.

ಚಿಕ್ಕ ಗಿಡಕ್ಕೆ ಬಾಯಿಗಿಂತ ಕಾಲಿನ ಕಾಟ ಜಾಸ್ತಿ. ಹಿಂಡು ಒಂದು ಸಲ ಅಡ್ಡ ಹಾದರೆ ಸಾಲೇ ಮಲಗಿಬಿಡುತ್ತೆ. ಎಮ್ಮೆ ಬಂದು ಮೈ ಉಜ್ಜುತ್ತೆ. ಅದಕ್ಕೆ ಮೊದಲ ಎರಡು ವರ್ಷ ರಸ್ತೆ ಕಡೆ ಒಣ ಮುಳ್ಳು ಹಾಕಿಕೊಳ್ಳಿ. ಬಳ್ಳಾರಿ ಜಾಲಿ ಮುಳ್ಳು ಹಾಕುವುದಾದರೆ ಕಾಯಿ ಇಲ್ಲದ ಕೊಂಬೆ ನೋಡಿ ಕಡಿಯಿರಿ. ಕಾಯಿ ಇದ್ದ ಕೊಂಬೆ ತಂದು ಹಾಕಿ ಆಮೇಲೆ ಹೊಲದ ತುಂಬ ಜಾಲಿ ಎದ್ದವರನ್ನು ನೋಡಿದ್ದೇನೆ.

ಪುತ್ತೂರು ತೋಟ · ಜೂನ್ 4

ನಮ್ಮಲ್ಲಿ ಇದರ ಹತ್ತು ಪಾಲು ಮಳೆ ಬೀಳುತ್ತದೆ ಅನ್ನಿಸುತ್ತೆ ನಿಮ್ಮ ಮಾತು ಕೇಳಿದರೆ! ಮನೆ ಪಕ್ಕ ಎರಡು ಬಂದರಿಕೆ ಹಾಕಿ ನೋಡಿದೆ. ಆಟಿ ತಿಂಗಳ ಜೋರು ಮಳೆಯಲ್ಲಿ ಬುಡದಲ್ಲಿ ನೀರು ನಿಂತು ಬೇರು ಕೊಳೆಯಿತು. ಇಳಿಜಾರಲ್ಲಿ ಇಟ್ಟ ಇನ್ನೊಂದು ಉಳಿದಿದೆ. ನೀರು ಬಸಿದು ಹೋದರೆ ಮಾತ್ರ ಅದಕ್ಕೆ ಸುಖ. ನಮ್ಮ ಕಡೆಯವರಿಗೆ ಕೇಪುಳ, ದಾಸವಾಳ, ಆಡುಸೋಗೆಯೇ ಸರಿ.

ನರ್ಸರಿ ಹುಡುಗ, ಕೋಲಾರ · ಜೂನ್ 4

ನರ್ಸರಿಯವರ ಪರವಾಗಿ ಒಂದು ಮಾತು ಹೇಳುತ್ತೇನೆ. ಡುರಾಂಟಾ ನಾವು ಯಾಕೆ ಮಾರುತ್ತೇವೆ ಅಂದರೆ ಕಡ್ಡಿ ಚುಚ್ಚಿದರೆ ಬರುತ್ತೆ. ಎರಡೇ ತಿಂಗಳಲ್ಲಿ ಪ್ಯಾಕೆಟ್ ತುಂಬಿ ಹೊಳೆಯುತ್ತೆ. ಗಿರಾಕಿ ಕಣ್ಣಿಗೆ ಬೀಳುತ್ತೆ. ಬಂದರಿಕೆ ಮೊದಲ ನಾಲ್ಕು ತಿಂಗಳು ನೋಡಲು ಏನೂ ಚೆಂದ ಇರುವುದಿಲ್ಲ. ಒಂದೇ ಕಡ್ಡಿ, ಎಂಟು ಎಲೆ. ಯಾರೂ ಕೊಳ್ಳಲ್ಲ. ಕೇಳಿದರೆ ತಾನೇ ನಾವು ಮಾಡೋದು? ಆದರೂ ನೀರಿಲ್ಲದ ಜಾಗಕ್ಕೆ ಡುರಾಂಟಾ ಮಾರಿ "ನೋಡ್ಕೊಳ್ಳೋದೇ ಬೇಡ" ಅಂದದ್ದು ತಪ್ಪು.

ಬೀಜದ ಬಗ್ಗೆ ಚಳ್ಳಕೆರೆ ಅಕ್ಕ ಒಂದು ಮಾತು ಹೇಳದೆ ಬಿಟ್ಟರು. ಬಂದರಿಕೆ ಬೀಜದ ಸಿಪ್ಪೆ ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ. ಸುಮ್ನೆ ಹಾಕಿದರೆ ನೂರಕ್ಕೆ ಹತ್ತೂ ಹುಟ್ಟಲ್ಲ. ಬಿಸಿನೀರು ತೋರಿಸಲೇಬೇಕು.

ಶಿರಾ ಒಂದೆಕರೆ · ಜೂನ್ 30

ಅಕ್ಕ, ಬೀಜ ಬಂದ ದಿನವೇ ಹಾಕಿಬಿಟ್ಟಿದ್ದೆ. ಕೋಲಾರದವರ ಮಾತು ನಾನು ನೋಡಿದ್ದು ಆಮೇಲೆ. 400 ಬೀಜಕ್ಕೆ ಇವತ್ತಿಗೆ ಹುಟ್ಟಿರುವುದು 11. ದಿನಾ ಬೆಳಿಗ್ಗೆ ಹೋಗಿ ಪ್ಯಾಕೆಟ್ ನೋಡಿ ಬರುತ್ತಿದ್ದೇನೆ, ಮಣ್ಣು ಹಾಗೇ ಇದೆ. ಇನ್ನು ಸ್ವಲ್ಪ ಬೀಜ ಉಳಿದಿದೆ. ಬಿಸಿನೀರು ಅಂದರೆ ಎಷ್ಟು ಬಿಸಿ? ಬೀಜ ಬೆಂದು ಹೋಗಲ್ವಾ?

ಚಳ್ಳಕೆರೆ ಹೊಲ · ಜೂನ್ 30

ನನ್ನದೇ ತಪ್ಪು ತಮ್ಮಾ. ನಾನು ಪ್ರತಿ ವರ್ಷ ಮಾಡುವ ಕೆಲಸ, ಹೇಳಲು ಮರೆತೆ.

ನೀರು ಕುದಿಸು. ಒಲೆಯಿಂದ ಇಳಿಸಿ ಎರಡು ನಿಮಿಷ ಬಿಡು. ಬೀಜವನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಮೇಲಿನಿಂದ ನೀರು ಸುರಿ, ಬೀಜದ ನಾಲ್ಕು ಪಟ್ಟು. ಒಲೆ ಮೇಲೆ ಇಟ್ಟು ಬೇಯಿಸಬಾರದು. ಹಾಗೇ ಮುಚ್ಚಿಟ್ಟು ಮಲಗು. ಬೆಳಿಗ್ಗೆ ನೋಡಿದರೆ ಬೀಜ ಎರಡು ತರ ಕಾಣುತ್ತೆ. ಕೆಲವು ಉಬ್ಬಿ ಎರಡರಷ್ಟಾಗಿ ಹೊಳಪು ಕಳೆದುಕೊಂಡಿರುತ್ತವೆ. ಕೆಲವು ಹಾಗೇ ಪುಟ್ಟದಾಗಿ ಕರಿಮಣಿ ತರ ಮಿನುಗುತ್ತಿರುತ್ತವೆ. ಉಬ್ಬಿದ್ದನ್ನು ಅವತ್ತೇ ಹಾಕು. ಮಿನುಗುವುದಕ್ಕೆ ಮತ್ತೊಂದು ಸಲ ಬಿಸಿನೀರು.

ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಪ್ಯಾಕೆಟ್ ಉದ್ದನೆಯದು ಇರಲಿ, ಬೇರು ಕೆಳಗೆ ಓಡುವ ಜಾತಿ ಇದು. ಒಂದೊಂದಕ್ಕೆ ಎರಡು ಬೀಜ, ಅರ್ಧ ಬೆರಳು ಗೆಣ್ಣಿಗಿಂತ ಆಳ ಬೇಡ.

ಶಿರಾ ಒಂದೆಕರೆ · ಜುಲೈ 17

ಹುಟ್ಟಿದವು!! ನೀರು ಹಾಕಿದ ಹನ್ನೆರಡನೇ ದಿನ ಮೊದಲನೆಯದು. ಇವತ್ತಿಗೆ 260 ಪ್ಯಾಕೆಟ್‌ನಲ್ಲಿ 190 ಕಡೆ ಗಿಡ ಇದೆ.

ಒಂದು ವಿಚಿತ್ರ ನೋಡಿದೆ. ಮಣ್ಣಿನಿಂದ ಮೇಲೆ ಬರುವಾಗ ಆ ಎರಡು ಎಳೆ ಎಲೆ ಬೇರೆ ಗಿಡಗಳ ಹಾಗೆ ಅಗಲವಾಗಿ ಇಲ್ಲ. ದಾರದ ತರ ಸಣ್ಣ. ಗಡಿಯಾರದ ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಂಡು ಬಂದು, ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಕೊಂಡವು. ಅಮ್ಮ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತು ನೋಡಿದರು. ಈಗ ಒಲೆಗೆ ಹಾಕುವ ಮಾತು ಆಡುತ್ತಿಲ್ಲ.

ಗಿಡಮೇಷ್ಟ್ರು · ಜುಲೈ 17

ಸರಿಯಾಗಿ ನೋಡಿದ್ದೀರಿ. ಬೀಜದೊಳಗೆ ಭ್ರೂಣ ಸುರುಳಿಯಾಗಿಯೇ ಕೂತಿರುತ್ತೆ. ನಲವತ್ತು ವರ್ಷ ಪಾಠ ಮಾಡಿದ ನನಗೂ ಅದನ್ನು ನೋಡಿದಾಗಲೆಲ್ಲ ಖುಷಿ.

ಫೀನಿಕ್ಸ್ ಕನ್ನಡಿಗ · ಜುಲೈ 18

ಈ ಚರ್ಚೆ ಓದಿ ಹೊರಗೆ ಹೋಗಿ ನಮ್ಮ ಕಾಂಪೌಂಡ್ ನೋಡಿ ಬಂದೆ. ನಮ್ಮ ಮನೆ ಹಿಂದೆ ಇರುವ ಬೇಲಿ ಇದೇ ಗಿಡದ್ದು! ಇಲ್ಲಿ ಅರಿಜೋನಾದಲ್ಲಿ ಇದಕ್ಕೆ ಹಾಪ್‌ಬುಷ್ ಅಂತಾರೆ. ಬೇಸಿಗೆಯಲ್ಲಿ 43, 44 ಡಿಗ್ರಿ ಸೆಲ್ಸಿಯಸ್ ಇಲ್ಲಿ ಮಾಮೂಲು, ವರ್ಷದ ಮಳೆ 200 ಮಿಲಿಮೀಟರ್ ಆಸುಪಾಸು. ಮನೆಗಳ ನಡುವಿನ ಮರೆಗೆ, ಈಜುಕೊಳದ ಪಕ್ಕ, ರಸ್ತೆ ಮಧ್ಯ, ಎಲ್ಲ ಕಡೆ ಇದೇ. ಈ ರಾಜ್ಯದ ಗುಡ್ಡಗಳಲ್ಲೂ ತಾನಾಗಿ ಬೆಳೆಯುತ್ತೆ. ನಾನು ಪಾವಗಡದ ಕಡೆಯವನು. ಇಷ್ಟು ವರ್ಷ ಇದನ್ನು ಅಮೆರಿಕದ ಗಿಡ ಅಂದುಕೊಂಡಿದ್ದೆ. ಅಂಟಂಟು ಎಲೆ ಅಂದಾಗ ಹೋಗಿ ಮುಟ್ಟಿ ನೋಡಿದೆ. ಬಾಲ್ಯದ ವಾಸನೆ ಬಂತು.

ಇಲ್ಲಿಯ ಅನುಭವ ಎರಡು ಹೇಳುತ್ತೇನೆ. ಮಾಲಿಗಳು ಮಿಷನ್ ತಂದು ತಿಂಗಳಿಗೊಮ್ಮೆ ಡಬ್ಬದ ಆಕಾರಕ್ಕೆ ಬೋಳಿಸುತ್ತಾರೆ. ಹಾಗೆ ಮಾಡಿದ ಬೇಲಿ ಹೊರಗೆ ಒಂದು ಪದರ ಹಸಿರು, ಒಳಗೆ ಬರೀ ಒಣಕಡ್ಡಿ. ನಾವು ವರ್ಷಕ್ಕೆ ಎರಡು ಸಲ ಕೈಕತ್ತರಿಯಲ್ಲಿ ಮಾಡುತ್ತೇವೆ, ಒಳಗೂ ಎಲೆ ಇದೆ. ಇನ್ನೊಂದು, ಇಲ್ಲಿ ಎಲೆ ನೇರಳೆ ಬಣ್ಣದ ತಳಿ ಸಿಗುತ್ತೆ, ನ್ಯೂಜಿಲೆಂಡ್ ಮೂಲದ್ದು. ನೋಡಲು ಚೆಂದ. ಆದರೆ ನೆರಳಲ್ಲಿ ಬಣ್ಣ ಮಾಸುತ್ತೆ, ಚಳಿಗೆ ಹಸಿರಿನದೇ ಗಟ್ಟಿ.

ನರ್ಸರಿ ಹುಡುಗ, ಕೋಲಾರ · ಜುಲೈ 18

ಅಣ್ಣ, ನೇರಳೆಯದನ್ನು ಇಲ್ಲಿ ಯಾರಾದರೂ ತರಿಸಿದರೆ ನಾಳೆಯೇ ಸಾಲು ನಿಂತು ಕೊಳ್ಳುತ್ತಾರೆ. ನಮ್ಮ ಗುಡ್ಡದ್ದು ಬಿಟ್ಟಿ ಸಿಕ್ಕರೂ ಬೇಡ. ನನಗೆ ಬೇಜಾರು ಅದೇ.

ಮಗಳು ಮತ್ತು ಗಿಡ · ಜುಲೈ 20

ನಮ್ಮ ಮಗಳಿಗೆ ಉಬ್ಬಸ ಇದೆ. ಮೇಷ್ಟ್ರು ಕೋನೋಕಾರ್ಪಸ್ ಪರಾಗದ ಬಗ್ಗೆ ಹೇಳಿದರು. ಬಂದರಿಕೆ ಹೂವಿನದು ಹೇಗೆ? ಇದೂ ಗಾಳಿಯಲ್ಲೇ ಹರಡುತ್ತೆ ಅಂತ ಎಲ್ಲೋ ಕೇಳಿದ ನೆನಪು. ಕೇಳದೆ ಹಾಕಿ ಆಮೇಲೆ ಕೀಳುವುದು ಬೇಡ ಅಂತ ಕೇಳುತ್ತಿದ್ದೇನೆ.

ಗಿಡಮೇಷ್ಟ್ರು · ಜುಲೈ 20

ಒಳ್ಳೆಯ ಪ್ರಶ್ನೆ ತಾಯಿ. ನಾನೇ ಮೊದಲು ಹೇಳಬೇಕಿತ್ತು. ಹೌದು, ಬಂದರಿಕೆ ಹೂವಿಗೆ ದಳವೇ ಇಲ್ಲ. ಸಣ್ಣ ಹಸಿರು ಹಳದಿ ಹೂವು, ಪರಾಗ ಗಾಳಿಯಲ್ಲಿ ಹೋಗುತ್ತೆ. ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಬರುವುದು ಗಂಡಿನಿಂದ. ಬೀಜದಿಂದ ಎಬ್ಬಿಸಿದರೆ ಎರಡೂ ಬರುತ್ತವೆ, ಹೂ ಬಿಡುವವರೆಗೆ ಗೊತ್ತಾಗಲ್ಲ.

ದಾರಿ ಇದೆ. ರೆಕ್ಕೆಕಾಯಿ ಬಿಟ್ಟ ಗಿಡವೇ ಹೆಣ್ಣು. ಅದರ ಅರ್ಧ ಬಲಿತ ಕಡ್ಡಿ, ಪೆನ್ಸಿಲ್‌ಗಿಂತ ಸಣ್ಣದು, ತಂದು ಬೇರು ಬರಿಸುವ ಪುಡಿ ಹಚ್ಚಿ ಮರಳಲ್ಲಿ ನೆಡಿ. ಎಲ್ಲ ಬರಲ್ಲ, ಡುರಾಂಟಾದಷ್ಟು ಸುಲಭ ಅಲ್ಲ. ಬಂದಷ್ಟು ಎಲ್ಲ ಹೆಣ್ಣೇ. ಅದೂ ಕಷ್ಟ ಆದರೆ ಮೊಗ್ಗು ಕಾಣುವ ಹೊತ್ತಿಗೆ ಸರಿಯಾಗಿ ಒಂದು ಕತ್ತರಿ ಹಾಕಿ, ಮಲಗುವ ಕೋಣೆಯ ಕಿಟಕಿ ಪಕ್ಕ ಮಾತ್ರ ನೆಡಬೇಡಿ. ಉಬ್ಬಸ ಜೋರಿದ್ದರೆ ಬೇಡವೇ ಬೇಡ ಅನ್ನುತ್ತೇನೆ. ಅದರ ಬದಲು ಕಾಮಿನಿಯೂ ಬೇಡ, ಹೂವಿನ ವಾಸನೆ ತೀಕ್ಷ್ಣ. ಆಡುಸೋಗೆ ನೋಡಿ.

ಮೈಸೂರು ಹಿತ್ತಲು · ಜುಲೈ 21

ಇಷ್ಟೆಲ್ಲ ಕಷ್ಟ ಯಾಕೆ? ಲಂಟಾನ ಇದೆಯಲ್ಲ. ನೀರು ಬೇಡ, ಗೊಬ್ಬರ ಬೇಡ, ಬಣ್ಣಬಣ್ಣದ ಹೂವು, ದನ ತಿನ್ನಲ್ಲ.

ಗಿಡಮೇಷ್ಟ್ರು · ಜುಲೈ 21

ದಯವಿಟ್ಟು ಬೇಡ. ಲಂಟಾನವನ್ನು ನಮ್ಮ ದೇಶಕ್ಕೆ ತಂದದ್ದೇ ಹಾಗೆ, 19ನೇ ಶತಮಾನದ ಆರಂಭದಲ್ಲಿ, ಅಂದದ ಗಿಡ ಅಂತ, ಬೇಲಿಗೆ ಆಗುತ್ತೆ ಅಂತ. ಹಕ್ಕಿ ಹಣ್ಣು ತಿಂದು ಬೀಜ ಹರಡಿತು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡೊಳಗೆ ಹೋಗಿ ನೋಡಿ. ಹುಲ್ಲು ಇರಬೇಕಾದ ಕಡೆಯೆಲ್ಲ ಅದೇ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಅಷ್ಟು ಕಡಿದರೂ ಮುಗಿಯುತ್ತಿಲ್ಲ. ಬೇಲಿ ಅಂತ ಹಾಕುವ ಗಿಡ ಬೇಲಿ ದಾಟಿ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಬೇಕು. ಬಂದರಿಕೆ ಹರಡಿದರೂ ತನ್ನದೇ ಗುಡ್ಡಕ್ಕೆ ಹೋಗುತ್ತೆ.

ಮೈಸೂರು ಹಿತ್ತಲು · ಜುಲೈ 21

ಇದು ಗೊತ್ತಿರಲಿಲ್ಲ ಸರ್. ಹಿತ್ತಲಲ್ಲಿ ಇರುವುದನ್ನು ಹಣ್ಣಾಗುವ ಮೊದಲು ತೆಗೆಸುತ್ತೇನೆ.

ಶಿರಾ ಒಂದೆಕರೆ · ಸೆಪ್ಟೆಂಬರ್ 9

ಗಿಡ ಒಂದು ಗೇಣು ದಾಟಿವೆ. ಈ ವಾರ ಎರಡು ಮಳೆ ಆಯಿತು. ನೆಡುವ ಮೊದಲು ಕೇಳುತ್ತಿದ್ದೇನೆ, ಎಷ್ಟು ದೂರಕ್ಕೆ ಒಂದು ಹಾಕಲಿ? ಒಂದು ಸಾಲೋ ಎರಡೋ?

ಚಳ್ಳಕೆರೆ ಹೊಲ · ಸೆಪ್ಟೆಂಬರ್ 9

ಒಂದೂವರೆ ಅಡಿಗೆ ಒಂದು. 240 ಅಡಿಗೆ 160 ಗಿಡ, ನಿನ್ನ ಹತ್ತಿರ ಇರುವುದು ಸರಿಹೋಗುತ್ತೆ. ಎರಡು ಸಾಲು ಹಾಕಿದರೆ ಧೂಳು ಇನ್ನೂ ಚೆನ್ನಾಗಿ ತಡೆಯುತ್ತೆ. ಆದರೆ 320 ಗಿಡ ಬೇಕು. ಎರಡನೆಯ ಸಾಲು ಮುಂದಿನ ವರ್ಷ ಹಾಕು. ಮೊದಲಿನ ಗಿಡಗಳ ನಡುವಿನ ಸಂದಿಗೆ ಎದುರಾಗಿ ಬರಲಿ.

ಗುಂಡಿ ಬೇಡ, ಉದ್ದಕ್ಕೆ ಕಾಲುವೆ ತೆಗೆ. ಒಂದಡಿ ಅಗಲ, ಒಂದೂವರೆ ಅಡಿ ಆಳ, ಗರಸು ಸಡಿಲ ಆಗಬೇಕು. ಮೇಲಿನ ಕೆಂಪು ಮಣ್ಣು ಬೇರೆ ಇಟ್ಟುಕೊಂಡು ಅದನ್ನೇ ಗೊಬ್ಬರದ ಜೊತೆ ಮೊದಲು ತುಂಬು. ಗೆದ್ದಲು ಇದ್ದರೆ ಬೇವಿನ ಹಿಂಡಿ ಒಂದೊಂದು ಹಿಡಿ. ನೀರು ಓಡುವ ಇಳಿಜಾರಾದರೆ ಕಾಲುವೆಗೆ ಹತ್ತಡಿಗೊಂದು ಮಣ್ಣಿನ ಅಡ್ಡಕಟ್ಟು ಬಿಡು. ಮಳೆ ನೀರು ಅಲ್ಲಲ್ಲೇ ಇಂಗುತ್ತೆ, ನಿಲ್ಲುವುದೂ ಇಲ್ಲ.

ಹದ್ದುಬಸ್ತು ಅನುಭವಿ · ಸೆಪ್ಟೆಂಬರ್ 10

ಗಿಡದ ವಿಷಯ ನನಗೆ ಗೊತ್ತಿಲ್ಲ. ಆದರೆ ಕಾಲುವೆ ತೆಗೆಯುವ ಮೊದಲು ಸರ್ವೆ ಕಲ್ಲು ನೋಡಿಕೊಳ್ಳಿ. ನಮ್ಮ ಅಪ್ಪ ಬಾಂದಿನ ಮೇಲೇ ಕಳ್ಳಿ ನೆಟ್ಟರು. ಪಕ್ಕದವರು ಇಪ್ಪತ್ತು ವರ್ಷ ಸುಮ್ಮನಿದ್ದು, ಜಮೀನು ಮಾರುವಾಗ ತಕರಾರು ತೆಗೆದರು. ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ. ಗಡಿಯಿಂದ ಮೂರಡಿ ಒಳಗೆ ನೆಡಿ. ಆ ಮೂರಡಿಯಲ್ಲಿ ನೀವೇ ನಿಂತು ಹೊರಗಡೆಯೂ ಕತ್ತರಿಸಬಹುದು, ಯಾರ ಹೊಲಕ್ಕೂ ಇಳಿಯಬೇಕಾಗಿಲ್ಲ.

ಶಿರಾ ಒಂದೆಕರೆ · ಸೆಪ್ಟೆಂಬರ್ 28

ನೆಟ್ಟಾಯಿತು. ಮೂರಡಿ ಒಳಗೇ ನೆಟ್ಟೆ. 160 ಸಾಲಿಗೆ, ಉಳಿದ 30 ಮನೆ ಹಿಂದೆ ಇಟ್ಟಿದ್ದೇನೆ, ಸತ್ತ ಕಡೆ ತುಂಬಲು. ಮಧುಗಿರಿಯವರು ಹೇಳಿದ ಹಾಗೆ ಕಾಯಿ ಇಲ್ಲದ ಮುಳ್ಳು ಹುಡುಕಿ ಹಾಕಿದೆ.

ಶಿರಾ ಒಂದೆಕರೆ · ಮೇ 14

ಬೇಸಿಗೆ ಮುಗಿಯುತ್ತಾ ಬಂತು, ಲೆಕ್ಕ ಒಪ್ಪಿಸುತ್ತೇನೆ. 160ರಲ್ಲಿ 147 ಇವೆ. ಫೆಬ್ರವರಿಯಿಂದ ಹತ್ತು ದಿನಕ್ಕೆ ಒಂದು ಸಲ, ಗಿಡಕ್ಕೆ ಎರಡು ಚೊಂಬು, ಅಷ್ಟೇ ನೀರು. ಪಾತ್ರೆ ತೊಳೆದ ನೀರನ್ನೂ ಅಮ್ಮ ಡ್ರಮ್‌ಗೆ ತುಂಬಿಸಿ ಹಾಕಿದರು. ಸುತ್ತ ಕಡಲೆಕಾಯಿ ಸಿಪ್ಪೆ ಹೊದಿಸಿದ್ದೆ. ಹೋದ 13ರಲ್ಲಿ ಎಂಟು ಒಂದೇ ಕಡೆ, ಪಕ್ಕದ ಹೊಲಕ್ಕೆ ಬಂದ ಜೆಸಿಬಿ ತಿರುಗಿಸುವಾಗ ಚಕ್ರಕ್ಕೆ ಸಿಕ್ಕವು.

ಈಗ ಎರಡೂವರೆ ಅಡಿ ಎತ್ತರ. ಆದರೆ ಎಲ್ಲ ಮೇಲಕ್ಕೇ ಓಡುತ್ತಿವೆ. ಬುಡದಲ್ಲಿ ಒಂದೇ ಕಡ್ಡಿ, ನಡುವೆ ನಾಯಿ ಓಡಾಡುವಷ್ಟು ಸಂದಿ. ಬೇಲಿ ತರ ಕಾಣುತ್ತಿಲ್ಲ.

ಚಳ್ಳಕೆರೆ ಹೊಲ · ಮೇ 14

ಒಂದು ಮಳೆ ಆಗಲಿ, ಆಮೇಲೆ ಎಲ್ಲವನ್ನೂ ಒಂದಡಿಗೆ ಕತ್ತರಿಸು. ಹೌದು, ಒಂದೇ ಅಡಿಗೆ. ಕೈ ಬರಲ್ಲ ಅಂತ ಗೊತ್ತು. ನನಗೂ ಮೊದಲ ವರ್ಷ ಕೈ ಬರಲಿಲ್ಲ, ಅರ್ಧ ಸಾಲು ಕತ್ತರಿಸಿ ಅರ್ಧ ಬಿಟ್ಟೆ. ಇವತ್ತಿಗೂ ಆ ಬಿಟ್ಟ ಅರ್ಧದ ಬುಡ ಬೋಳು. ಮೇಲೆ ಛತ್ರಿ, ಕೆಳಗೆ ಕೋಲು. ಕತ್ತರಿಸಿದ ಅರ್ಧ ನೆಲದಿಂದಲೇ ದಟ್ಟ, ಕೋಳಿ ಕೂಡ ನುಸುಳಲ್ಲ.

ಕತ್ತರಿಸುವಾಗ ಕೆಳಗೆ ಎಲೆ ಉಳಿಯಬೇಕು, ಅದನ್ನು ನೋಡಿಕೋ. ಎಲೆ ಇಲ್ಲದ ಬರೀ ಕಟ್ಟಿಗೆಗೆ ಕತ್ತರಿಸಿದರೆ ಕೆಲವು ಚಿಗುರಲ್ಲ. ಅದಕ್ಕೇ ಹಳೆಯದಾಗುವ ಮೊದಲು ಮಾಡಬೇಕು. ಆಮೇಲೆ ಪ್ರತಿ ಸಲ ಅರ್ಧ ಅಡಿ ಮಾತ್ರ ಜಾಸ್ತಿ ಬಿಡುತ್ತಾ ಹೋಗು. ಒಂದಡಿ, ಒಂದೂವರೆ, ಎರಡು. ಐದಡಿ ಆಗಲು ಮೂರು ವರ್ಷ ಹಿಡಿಯಲಿ. ಬುಡ ಅಗಲ, ತುದಿ ಸಪೂರ, ರಾಗಿ ಬಣವೆ ತರ ಇರಲಿ. ಮೇಲೆ ಅಗಲ ಮಾಡಿದರೆ ಬುಡಕ್ಕೆ ಬಿಸಿಲು ಬೀಳದೆ ಅಲ್ಲಿ ಎಲೆ ಉದುರುತ್ತೆ.

ಶಿರಾ ಒಂದೆಕರೆ · ಜೂನ್ 6

ಕತ್ತರಿಸಿದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದೆ. ಕೈ, ಕತ್ತರಿ ಎಲ್ಲ ಅಂಟು. ಸೋಪು ಹಾಕಿದರೂ ಹೋಗಲಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ ಮೇಲೆ ಹೋಯಿತು. ಸಾಲಿನ ಕೊನೆಯಲ್ಲಿ ನಿಂತು ನೋಡಿದಾಗ ಹೊಟ್ಟೆ ಉರಿಯಿತು, ಒಂದು ವರ್ಷ ಸಾಕಿದ್ದು.

ಒಂದು ಸಮಾಧಾನ. ಕತ್ತರಿಸಿದ ಸೊಪ್ಪನ್ನು ಅಮ್ಮ ಒಂದು ಹಿಡಿ ಎತ್ತಿಟ್ಟುಕೊಂಡರು. ಕಾಲು ಉಳುಕಿತ್ತು, ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಂಡರು. "ನಮ್ಮಮ್ಮ ಹೀಗೇ ಕಟ್ತಿದ್ಲು" ಅಂದರು.

ಗಿಡಮೇಷ್ಟ್ರು · ಜೂನ್ 6

ಹೊರಗೆ ಕಟ್ಟುವುದು ಹಳೆಯ ರೂಢಿ, ಸರಿ. ಕಷಾಯ ಅಂತ ಒಳಗೆ ಕುಡಿಯುವುದು ಮಾತ್ರ ಯಾರೂ ತಾವಾಗಿ ಮಾಡಬೇಡಿ. ಬಾವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಉಳುಕು ಅಂದುಕೊಂಡದ್ದು ಮೂಳೆ ಬಿರುಕು ಆಗಿರಬಹುದು.

ಮಧುಗಿರಿ ಕುರಿಯವನು · ಜೂನ್ 7

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೇಲಿ ಎಷ್ಟು ದಟ್ಟ ಆದರೂ ಬಂದರಿಕೆಗೆ ಮುಳ್ಳಿಲ್ಲ. ಕಾಡುಹಂದಿ ನುಗ್ಗಿದರೆ ನಿಲ್ಲಲ್ಲ. ಧೂಳಿಗೆ, ಗಾಳಿಗೆ, ಕಣ್ಣಿನ ಮರೆಗೆ ಸರಿ. ಹಿಂದಿನ ಕಡೆ ಹೊಲಕ್ಕೆ ಬೇಲಿ ಬೇಕಾದರೆ ನಡುನಡುವೆ ಕವಳೆ ಹಾಕಿ. ಅದೂ ನಮ್ಮ ಗುಡ್ಡದ್ದೇ, ಅದೂ ವರ್ಷಪೂರ್ತಿ ಹಸಿರು. ಮುಳ್ಳು ಚುಚ್ಚಿದರೆ ಎಮ್ಮೆಯೂ ಹಿಂದೆ ಸರಿಯುತ್ತೆ. ಕಾಯಿ ಉಪ್ಪಿನಕಾಯಿಗೆ ಆಗುತ್ತೆ.

ಶಿರಾ ಒಂದೆಕರೆ · ಆಗಸ್ಟ್ 19

ಅಕ್ಕ, ನಿಮಗೆ ಇದನ್ನು ಮೊದಲು ಹೇಳಬೇಕು ಅನ್ನಿಸಿತು. ಕತ್ತರಿಸಿದ ಪ್ರತಿ ಗಿಡದಲ್ಲೂ ಐದಾರು ಕವಲು ಬಂದಿದೆ. ನೆಲದಿಂದ ನಾಲ್ಕು ಬೆರಳು ಮೇಲೆ ಶುರು. ಸಂದಿ ಮುಚ್ಚುತ್ತಿದೆ. ನಿನ್ನೆ ಟ್ರ್ಯಾಕ್ಟರ್ ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ರಸ್ತೆ ಕಡೆಯ ಎಲೆಗಳ ಮೇಲೆ ಕೆಂಪು ಧೂಳು ಅಂಟಿ ನಿಂತಿತ್ತು, ಒಳಗಡೆಯ ಎಲೆ ಹೊಳೆಯುತ್ತಿತ್ತು. ಆ ಅಂಟೇ ಧೂಳು ಹಿಡಿಯುತ್ತಿದೆ. ರಾತ್ರಿ ಮಳೆ ಬಂತು, ಬೆಳಿಗ್ಗೆ ಎಲ್ಲ ತೊಳೆದಿತ್ತು.

ಎರಡನೇ ಸಾಲಿಗೆ ಬೀಜ ಬೇಕು. ಈ ಸಲ ನಿಮ್ಮನ್ನು ಕೇಳಲ್ಲ, ಫೆಬ್ರವರಿಯಲ್ಲಿ ನಾನೇ ಬಂದು ನಿಮ್ಮ ಬದುವಿನಲ್ಲಿ ಕೀಳುತ್ತೇನೆ. ಅಮ್ಮನೂ ಬರುತ್ತಾರಂತೆ.

ಚಳ್ಳಕೆರೆ ಹೊಲ · ಆಗಸ್ಟ್ 19

ಬಾ ತಮ್ಮಾ, ಅಮ್ಮನನ್ನು ಕರೆದುಕೊಂಡೇ ಬಾ. ಶಿವರಾತ್ರಿ ಮೊದಲು ಬಾ, ಆಮೇಲೆ ಗಾಳಿ ಎದ್ದು ಕಾಯಿ ಎಲ್ಲ ಹಾರಿಹೋಗುತ್ತೆ.

ನರ್ಸರಿ ಹುಡುಗ, ಕೋಲಾರ · ಆಗಸ್ಟ್ 20

ಅಕ್ಕ, ನಾನೂ ಬರಲಾ? ಈ ವರ್ಷ ಐನೂರು ಪ್ಯಾಕೆಟ್ ಬಂದರಿಕೆ ಮಾಡಿ ಡುರಾಂಟಾ ಪಕ್ಕದಲ್ಲೇ ಇಡಬೇಕು ಅಂತಿದ್ದೇನೆ.